ಬೂದಿ ಹುಡುಕಿದ ಬೇಸಿಗೆ

ಬೇಸಿಗೆಯಲ್ಲಿ ಕಾಡಿನೊಳಗೆ ಒಲೆ ಹೂಡಕೂಡದು. ಬೇಯಿಸುವುದೇನಿದ್ದರೂ ಹೊಳೆಗೆ ಇಳಿದು, ಮರಳ ಮೇಲೆ. ಈ ನಿಯಮವನ್ನು ನಾನೇ ಓದಿ ಹೇಳಿ ಎಲ್ಲರ ಸಹಿ ಪಡೆದಿದ್ದೆ. ಸಹಿ ಹಾಕಿದ ಮೇಲೆ ಮುರಿಯುವುದು ಇನ್ನೂ ಸಲೀಸು ಎಂದು ಆಮೇಲೆ ತಿಳಿಯಿತು.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಗೇರುಸೊಪ್ಪೆಯ ಮೇಲಿನ ಘಟ್ಟದಲ್ಲಿ ಮರ ಎಣಿಸುವ ಕೆಲಸ, ನಾನು ರೇಂಜರ್. ಒಬ್ಬೊಬ್ಬರಿಗೆ ಒಂದೊಂದು ಗುಡ್ಡ, ಅಲ್ಲಲ್ಲೇ ಅವರವರ ಡೇರೆ. ತರಗೆಲೆ ಒಣಗಿ ಗರಗರ ಎನ್ನುತ್ತಿತ್ತು, ಒಂದು ಕಿಡಿ ಸಾಕಿತ್ತು. ನಾನು ದಿನವೂ ಮೂಗು ಮುಂದೆ ಮಾಡಿಕೊಂಡು ಡೇರೆಯಿಂದ ಡೇರೆಗೆ ತಿರುಗುತ್ತಿದ್ದೆ.

ಹೋದ ವಾರದ ಹಪ್ಪಳ

ಕುಮಟೆಯ ಗುಮಾಸ್ತರು ಹೊಳೆಗೆ ಇಳಿಯುವವರೇ ಅಲ್ಲ. "ನಂದು ಬರೀ ಅವಲಕ್ಕಿ, ಮೊಸರು" ಎನ್ನುತ್ತಿದ್ದರು. ಒಂದು ದಿನ ಅವರ ಬಾಳೆಲೆಯ ಮೇಲೆ ಹಲಸಿನ ಹಪ್ಪಳ ಕಂಡಿತು.

"ಇದು ಎಂತದು?"

"ಮನೆಯಿಂದ ತಂದದ್ದು."

"ಯಾವಾಗ?"

"ಹೋದ ವಾರ."

ಮುಟ್ಟಿದೆ. ಬೆರಳು ಸುಟ್ಟಿತು. ಅವರು ಕಣ್ಣು ಮಿಟುಕಿಸದೆ ಹೇಳಿದರು: "ನಮ್ಮ ಮನೆಯವಳು ಬಿಸಿಬಿಸಿಯಾಗೇ ಕಟ್ಟಿ ಕೊಡ್ತಾಳೆ ಸಾಹೇಬ್ರೆ."

ಜೊತೆಗೆ ಹುಡುಕಿದವನು

ಕಾಸರಕೋಡಿನ ಗಾರ್ಡಿನ ಡೇರೆಯ ಬಳಿ ಒಣಮೀನು ಸುಡುವ ವಾಸನೆ. ಕೇಳಿದರೆ, "ಯಾರೋ ಹೊರಗಿನವರು ನುಗ್ಗಿರಬೇಕು, ಬನ್ನಿ" ಎಂದು ತಾನೇ ಮುಂದಾದ. ಪೊದೆ ಸರಿಸಿದ, ಬಂಡೆಯ ಹಿಂದೆ ಇಣುಕಿದ, ನನಗಿಂತ ಜೋರಾಗಿ ಮೂಸಿದ. ಸುತ್ತಿ ಸುತ್ತಿ ಅವನ ಡೇರೆಯ ಹಿಂದಕ್ಕೇ ಬಂದೆವು. ಅಲ್ಲೊಂದು ಚಪ್ಪಟೆ ಕಲ್ಲಿನ ಸಂದಿಯಿಂದ ಹೊಗೆ. ಗಾರ್ಡು ಕಲ್ಲು ಸರಿಸಿ ನೋಡಿ, ನನ್ನನ್ನು ಮರೆತೇ ನಿಟ್ಟುಸಿರಿಟ್ಟ: "ಛೇ, ಕರಟಿ ಹೋಯ್ತು."

ಬೂದಿ ಸಿಗದವನು

ನನ್ನ ಹೆಚ್ಚಿನ ಗುಮಾನಿ ಇದ್ದದ್ದು ಬೆಂಕಿ ಕಾವಲಿನವನ ಮೇಲೆ. ಬೇಸಿಗೆಯ ಹಂಗಾಮಿ ಆಳು. ಕೆಲಸ ಖಾಯಂ ಮಾಡಿರೆಂಬ ಅವನ ಅರ್ಜಿ ನನ್ನ ಚೀಲದಲ್ಲೇ ಇತ್ತು. ಎಷ್ಟು ಕೆದಕಿದರೂ ಅವನ ಡೇರೆಯ ಸುತ್ತ ಚಿಟಿಕೆ ಬೂದಿ ಸಿಗಲಿಲ್ಲ. ಇಷ್ಟು ಚೊಕ್ಕವಾಗಿರುವವನು ಪಕ್ಕಾ ಕಳ್ಳನೇ ಎಂದು ತೀರ್ಮಾನಿಸಿದೆ.

ಒಂದು ಮಧ್ಯಾಹ್ನ ನನಗೆ ಚಳಿಜ್ವರ. ಹಲ್ಲು ಕಟಕಟ. ಹೊಳೆಗೆ ಇಳಿಯಲು ಕಾಲಲ್ಲಿ ತ್ರಾಣವಿಲ್ಲ. ಡೇರೆಯ ಬಾಗಿಲಲ್ಲೇ ಮೂರು ಕಲ್ಲು ಹೂಡಿ, ಬೆಂಕಿ ಮಾಡಿ, ಕಾಫಿಯ ಕಿಟ್ಲಿ ಇಟ್ಟೆ. ಆಗಲೇ ಅವನು ಬಂದ.

"ಸಾಹೇಬ್ರೆ, ಬೆಂಕಿ."

"ಜ್ವರ ಮಾರಾಯ. ನಾನೇ ಹೇಳ್ತಾ ಇದ್ದೇನೆ, ಇರಲಿ ಬಿಡು."

"ಇಲ್ಲಿ ಆಗೂದಿಲ್ಲ."

"ನಿನ್ನ ಅರ್ಜಿಗೆ ನಾನಿನ್ನೂ ಸಹಿ ಹಾಕಿಲ್ಲ, ಗೊತ್ತುಂಟಾ?"

"ಗೊತ್ತುಂಟು."

ಒಳಗಿನಿಂದ ಕಂಬಳಿ ತಂದು ನನ್ನ ಹೆಗಲಿಗೆ ಹೊದೆಸಿದ. ಆಮೇಲೆ ಕುದಿಯುತ್ತಿದ್ದ ಕಿಟ್ಲಿ ಎತ್ತಿ, ನನಗೊಂದು ಗುಟುಕೂ ಉಳಿಸದೆ, ಅಷ್ಟೂ ಕಾಫಿಯನ್ನು ಬೆಂಕಿಗೆ ಸುರಿದ.