ನಮ್ಮ ಮನೆಗೆ ಒಪ್ಪುವ ಶಾಖ ವ್ಯವಸ್ಥೆ

ಶಾಖ ವ್ಯವಸ್ಥೆಯಿಲ್ಲದ ಕಟ್ಟಡವನ್ನು ಮನೆಯೆಂದು ಪರಿಗಣಿಸತಕ್ಕದ್ದಲ್ಲ. ಅದರೊಳಗೆ ಇರುವವರನ್ನು ನಿವಾಸಿಗಳೆಂದೂ ಪರಿಗಣಿಸತಕ್ಕದ್ದಲ್ಲ. ಇದು ನಮ್ಮ ನಗರಸಭೆಯ ನಿಯಮ. ಹೀಗಾಗಿ ನವೆಂಬರಿನಲ್ಲಿ ನೆಲಮಾಳಿಗೆಯ ಗ್ಯಾಸ್ ಬಾಯ್ಲರ್ ಕೊನೆಯುಸಿರೆಳೆದ ಬೆಳಿಗ್ಗೆ, ಹಾರ್ಟ್ಸ್ ಬೆಟ್ಟದ ತಪ್ಪಲಿನ ಈ ಊರಿನಲ್ಲಿ ನಾವು ನಾಲ್ಕು ಮನೆಯವರು ಇದ್ದಕ್ಕಿದ್ದಂತೆ ಯಾರೂ ಅಲ್ಲದವರಾದೆವು.

ನಗರಸಭೆ ದಯೆಯುಳ್ಳದ್ದು. ಹೊಸ ವ್ಯವಸ್ಥೆಯನ್ನು ನಾಲ್ವರು ಮಾಲೀಕರೂ ಒಮ್ಮತದಿಂದ ಆರಿಸಿಕೊಳ್ಳಬೇಕು, ಕ್ರಿಸ್ಮಸ್ಸಿನೊಳಗೆ ಆಗದಿದ್ದರೆ ಬಾಗಿಲಿಗೆ ಮೊಹರು ಎಂದು ತಿಳಿಸಿತು.

ಸಭೆ ಸೇರಿದ್ದು ಕೆಳಗಿನ ಮನೆಯ ಫ್ರಾವ್ ಟೀಲೆ ಅವರ ನಡುಮನೆಯಲ್ಲಿ. ಅವರು ನಿವೃತ್ತ ಟ್ರಾಮ್ ಕಂಡಕ್ಟರ್. ಮಂಡಿನೋವು, ಮೆಟ್ಟಿಲು ಹತ್ತಲಾರರು. ಗಂಡ ಹೋದ ಮೇಲೆ ಆ ಕೋಣೆಗೆ ಬರುತ್ತಿದ್ದವನು ಅಂಚೆಯವನೊಬ್ಬನೇ. ನಾವೆಲ್ಲ ಕೋಟು, ಕೈಗವಸು, ಉಣ್ಣೆ ಟೋಪಿಯಲ್ಲೇ ಕುಳಿತೆವು. ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು.

ಮೊದಲ ಮಹಡಿಯ ಹೆರ್ ಬೆನ್ನೆಕೆ, ರೇಖಾಗಣಿತದ ಮೇಷ್ಟ್ರು, ಹೀಟ್ ಪಂಪ್ ಪರವಾಗಿದ್ದರು. "ಹೊರಗಿನ ತಣ್ಣನೆ ಗಾಳಿಯಿಂದಾನೇ ಶಾಖ ಹಿಂಡುತ್ತೆ ರೀ!"

"ಕಲ್ಲಿಂದ ಹಾಲು ಹಿಂಡಿದ ಹಾಗೆ," ಎಂದರು ಎರಡನೇ ಮಹಡಿಯ ಹೆರ್ ಫೋರರ್. ಅವರು ಮರದ ಪುಡಿ ಒತ್ತಿ ಮಾಡಿದ ಉಂಡೆ ಉರಿಸುವ ಒಲೆಯ ಪರ. ಮರದ ಉಂಡೆ ಮಾರುವವನು ಅವರ ಭಾವಮೈದುನ ಎಂಬುದು ಕೇವಲ ಕಾಕತಾಳೀಯವೆಂದು ಅವರೇ ಮುಂಚಿತವಾಗಿ ಘೋಷಿಸಿದ್ದರು. ಮೇಲಿನ ಮಹಡಿಯವಳಾದ ನಾನು, ಹಳೇ ಬಾಯ್ಲರನ್ನೇ ರಿಪೇರಿ ಮಾಡಿಸೋಣ ಎಂದೆ. ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದರು.

ಸ್ವಲ್ಪ ಹೊತ್ತಿಗೆ ಬೆನ್ನೆಕೆ ಟೋಪಿ ತೆಗೆದರು. ಫೋರರ್ ಕೋಟು ಬಿಚ್ಚಿ ಕುರ್ಚಿಯ ಮೇಲೆ ಎಸೆದರು. ನನ್ನ ಕಿವಿಗಳು ಉರಿಯುತ್ತಿದ್ದವು. ಕಿಟಕಿಯ ಗಾಜಿನ ಮೇಲೆ ಕಟ್ಟಿದ್ದ ಮಂಜು ಕರಗಿ ಇಳಿಯತೊಡಗಿದ್ದನ್ನು ಫ್ರಾವ್ ಟೀಲೆ ಒಬ್ಬರೇ ಗಮನಿಸಿದರು. ಅವರು ಕಂಬಳಿ ಮಡಿಚಿಟ್ಟು, ಮಂಡಿ ಚಾಚಿ, "ನಾಳೆನೂ ಬನ್ನಿ. ಆಲೂಗಡ್ಡೆ ಸೂಪ್ ಮಾಡಿರ್ತೀನಿ," ಎಂದರು.

ನಾವು ದಿನವೂ ಹೋದೆವು. ಡಿಸೆಂಬರಿನ ಒಂದು ಸಂಜೆ ನಮಗೆಲ್ಲ ಸಾಕಾಗಿತ್ತು. ಫೋರರ್ ನಿಟ್ಟುಸಿರುಬಿಟ್ಟು, "ಆಗ್ಲಿ, ಹೀಟ್ ಪಂಪೇ ಹಾಕ್ಸೋಣ," ಎಂದರು. ನಾನೂ ತಲೆಯಾಡಿಸಿದೆ. ಜಗಳ ನಿಂತಿತು. ತಕ್ಷಣ ಚಳಿಗೆ ಕಾಲಬೆರಳು ಜುಮುಗುಟ್ಟಿ, ಎಲ್ಲರೂ ಕೋಟಿಗೆ ಕೈ ಹಾಕಿದೆವು.

ಫ್ರಾವ್ ಟೀಲೆ ಸೂಪು ಕಲಕುತ್ತ ಮೆಲ್ಲಗೆ ಕೇಳಿದರು: "ಅಲ್ಲಾ, ಆ ಪಂಪು ಗುರ್ ಅನ್ನುತ್ತಂತಲ್ಲ, ಯಾರ ಕಿಟಕಿ ಕೆಳಗೆ ಇಡೋದು?"

"ಅವ್ರ ಕಿಟಕಿ ಕೆಳಗೆ!" ಎಂದು ಬೆನ್ನೆಕೆ, ಫೋರರ್ ಒಬ್ಬರನ್ನೊಬ್ಬರು ತೋರಿಸಿದರು. ಕೋಟುಗಳು ಮತ್ತೆ ಕುರ್ಚಿಗೆ ಹೋದವು.

ಮೊಹರು ಹಾಕುವ ದಿನ ಬಂತು. ಬಂದವರು ಜಿಲ್ಲಾ ಚಿಮಣಿ ಅಧಿಕಾರಿ ಹೆರ್ ಟೆಪ್ಪರ್. ಕಪ್ಪು ಕೋಟು, ಎತ್ತರದ ಟೋಪಿ, ಹೆಗಲಲ್ಲಿ ಹೊಗೆಕೊಳವೆ ಉಜ್ಜುವ ಕುಂಚ. ಚಿಮಣಿಯವರ ಕೋಟಿನ ಗುಂಡಿ ಮುಟ್ಟಿದರೆ ಅದೃಷ್ಟವೆಂಬುದು ಇಲ್ಲಿನ ನಂಬಿಕೆ; ನಾನು ಮುಟ್ಟಿದೆ. ಅವರು ಅದನ್ನು ಲಂಚವೆಂದು ಪರಿಗಣಿಸಲಿಲ್ಲ. ಒಳಗೆ ಆಗಲೇ ಜಗಳ ಕಾವೇರಿತ್ತು. ಅವರು ಉಷ್ಣಮಾಪಕ ನೋಡಿದರು, ತಟ್ಟಿದರು, ಮತ್ತೆ ನೋಡಿದರು.

"ಇಲ್ಲಿ ಬೆಚ್ಚಗಿದೆ," ಎಂದರು ಆಪಾದನೆಯ ದನಿಯಲ್ಲಿ. "ಬೆಚ್ಚಗಿದ್ರೆ ವ್ಯವಸ್ಥೆ ಇರ್ಲೇಬೇಕು. ಎಲ್ಲಿ ಬಚ್ಚಿಟ್ಟಿದೀರಿ?"

ಮಂಚದ ಕೆಳಗೆ ಬಗ್ಗಿ ನೋಡಿದರು. ಬಳಿಕ ಬೆನ್ನೆಕೆಯ ಕೆಂಪು ಮುಖವನ್ನು ಬಹಳ ಹೊತ್ತು ದಿಟ್ಟಿಸಿ, ಕುಳಿತು ಬರೆದರು. ಉರಿಯುವ ಘಟಕಗಳು: ಇಬ್ಬರು ಗಂಡಸರು, ಒಬ್ಬ ಹೆಂಗಸು. ಇಂಧನ: ಆಲೂಗಡ್ಡೆ. ಹೊಗೆ: ಇಲ್ಲ. ಉಷ್ಣ ನಿಯಂತ್ರಕ: ಫ್ರಾವ್ ಟೀಲೆ.

"ಇದು ಮುಗಿದುಹೋಗೋ ಮೂಲವೋ?" ಎಂದು ಕೇಳಿದರು.

"ಯಾವತ್ತೂ ಮುಗಿಯಲ್ಲ," ಎಂದರು ಬೆನ್ನೆಕೆ.

"ಅದೇನು ಹಾಗೆ ಹೇಳ್ತೀರಿ?" ಎಂದು ಫೋರರ್ ರೇಗಿದರು. ಪಾದರಸ ಇನ್ನೊಂದು ಗೆರೆ ಏರಿತು.

ನಮಗೆ ಪ್ರಥಮ ದರ್ಜೆಯ ಪ್ರಮಾಣಪತ್ರ ಸಿಕ್ಕಿತು. ಸುರಕ್ಷತೆಗಾಗಿ ಒಂದೇ ಷರತ್ತು: ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಈ ಕಟ್ಟಡದಲ್ಲಿ ಒಮ್ಮತವನ್ನು ನಿಷೇಧಿಸಲಾಗಿದೆ. ಎದುರುಮನೆಯ ಹೊಸ ದಂಪತಿ ತೀರ ಅನ್ಯೋನ್ಯವಾಗಿದ್ದು ಚಳಿಯಲ್ಲಿ ನಡುಗುತ್ತಿದ್ದುದರಿಂದ, ನಗರಸಭೆ ವಾರಕ್ಕೊಂದು ಸಂಜೆ ಬೆನ್ನೆಕೆಯವರನ್ನು ಅಲ್ಲಿಗೆ ನಿಯೋಜಿಸಿದೆ. ಈಗ ಆ ದಂಪತಿಯ ಮನೆಯೂ ಹದವಾಗಿ ಬೆಚ್ಚಗಿದೆ.

ಮೊನ್ನೆ ಟೆಪ್ಪರ್ ವಾರ್ಷಿಕ ತಪಾಸಣೆಗೆ ಬಂದರು. ಬೆನ್ನೆಕೆಯ ಬಾಯಿಯ ಮುಂದೆ ಉಪಕರಣ ಹಿಡಿದು ತೃಪ್ತರಾದರು. ಆದರೆ ಬೆನ್ನೆಕೆಯ ತಟ್ಟೆಯಲ್ಲಿದ್ದ ಪ್ಲಮ್ ಕೇಕಿನ ತುಂಡು ಕಂಡು ಹುಬ್ಬು ಗಂಟಿಕ್ಕಿದರು.

"ಇದನ್ನ ಯಾರು ಕೊಟ್ರು?"

ಫೋರರ್ ತಲೆ ತಗ್ಗಿಸಿದರು. "ನಾನೇ."

"ಸೌಹಾರ್ದ ಸೋರಿಕೆ," ಎಂದರು ಟೆಪ್ಪರ್. "ಈಗಿಂದೀಗ್ಲೇ ಮುಚ್ಚದಿದ್ರೆ ಪ್ರಮಾಣಪತ್ರ ರದ್ದು ಮಾಡ್ಬೇಕಾಗುತ್ತೆ."

ಫ್ರಾವ್ ಟೀಲೆಯ ಮುಖ ಬಿಳಿಚಿತು.

"ಹೊಸದೇನಲ್ಲ," ಎಂದರು ಫೋರರ್ ಕೊನೆಗೆ. "ನಿನ್ನೇದು. ನಮ್ಮನೇಲಿ ಯಾರೂ ತಿನ್ಲಿಲ್ಲ."

"ಗೊತ್ತಾಗಿತ್ತು ನಂಗೆ!" ಬೆನ್ನೆಕೆ ತಟ್ಟೆ ತಳ್ಳಿ ಎದ್ದರು. "ಮೊದಲ ತುತ್ತಿಗೇ ಗೊತ್ತಾಯ್ತು!"

ಟೆಪ್ಪರ್ ಕತ್ತಿನ ಗುಂಡಿ ಸಡಿಲಿಸಿ ಸಹಿ ಹಾಕಿದರು. ಫ್ರಾವ್ ಟೀಲೆ ಅವರಿಗೂ ಒಂದು ಬಟ್ಟಲು ಸೂಪು ಬಡಿಸಿದರು.