ಮಳೆಯಿಲ್ಲದೆ ಸೋರುವ ಮನೆ

"ಒಂದಕ್ಕೋಗಿ ಬಂದು ಮಲಿಕೊಳಯ್ಯ."

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ನಾನು ಹೋಗಿ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಬೆಳಗ್ಗೆ ಏಳಲಿಲ್ಲ.

ದೊಡ್ಡ ಮಾತೇನಲ್ಲ. ನಮ್ಮ ಮನೆಗೆ ತಕ್ಕ ಮಾತು. ಅವಳಿಗೆ ಸೀನಿದರೆ ಸೋರುವುದು. ನನಗೆ ಬಾಗಿಲು ಮುಟ್ಟುವ ತನಕ ತಡೆಯದು. ನಮ್ಮ ಹೆಣ್ಣು ನಾಯಿ ಕೆಂಪಿಗೆ ನಿದ್ದೆಯಲ್ಲೇ. ಇಂಥ ಮನೆಯಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ.

೧. ಬಸ್ಸಿನಲ್ಲಿ ವ್ಯಾಯಾಮ

ಹೆಂಡತಿ ಇದ್ದಾಗ ಪಾಂಡವಪುರದ ಡಾಕ್ಟರಮ್ಮ ಅವಳಿಗೆ ಹೇಳಿದರು: "ಮಕ್ಕಳು ಹೆತ್ತವರಿಗೆ ಕೆಳಗಿನ ಬಿಗಿ ಸಡಿಲ ಆಗ್ತದೆ. ಒಂದಕ್ಕೆ ತಡೆಯೋ ಹಾಗೆ ಬಿಗಿ ಹಿಡೀರಿ, ಬಿಡಿ. ದಿನಾ ಮಾಡಿ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗಲ್ಲ."

ನಾಗಮಂಗಲದ ಬಸ್ಸಿನಲ್ಲೇ ಶುರು ಮಾಡಿದಳು. ಕೆಳಗೆ ಬಿಗಿ ಹಿಡಿದರೆ ಇವಳಿಗೆ ಹಲ್ಲೂ ಹುಬ್ಬೂ ಬಿಗಿಯುತ್ತಿದ್ದವು. ಪಕ್ಕದ ಹೆಂಗಸು ನೋಡಿ ನೋಡಿ ಕೇಳಿದಳು: "ಯಾಕವ್ವಾ, ನನ್ ಮ್ಯಾಲೆ ಕ್ವಾಪಾನಾ?"

"ಇಲ್ಲ ಕಣವ್ವಾ, ತಡೀತಾ ಇವ್ನಿ."

ಆಕೆ ನೆರಿಗೆ ಎತ್ತಿ ಹಿಡಿದುಕೊಂಡು ಹಿಂದಿನ ಸೀಟಿಗೆ ಹೋದಳು.

೨. ನೀರಿನ ಬಟ್ಟಲು

ವ್ಯಾಯಾಮದಿಂದ ಅವಳದು ಬಹಳ ಮಟ್ಟಿಗೆ ನಿಂತಿತು. ಕೆಂಪಿಗೆ ಅದನ್ನು ಹೇಳಿಕೊಡೋಕಾಗುತ್ತಾ? ಒಂದು ಸಂಜೆ ಅದರ ನೀರಿನ ಬಟ್ಟಲನ್ನೇ ಎತ್ತಿಟ್ಟೆ. ಅವತ್ತು ದೇವಲಾಪುರದಿಂದ ಬೀಗರು ಬಂದಿದ್ದರು. ಅವರಿಗೆ ಕಾಲು ತೊಳೆಯಲು ಇಟ್ಟಿದ್ದ ನೀರನ್ನೆಲ್ಲ ಕೆಂಪಿ ಕುಡಿದು, ಅವರ ಚಾಪೆ ಮೇಲೇ ಹೋಗಿ ಮಲಗಿತು. ಆಮೇಲಿನದು ಹೇಳಬೇಕಿಲ್ಲ.

ಹೆಂಡತಿ ಬಟ್ಟಲು ತಂದು ತುಂಬಿಸಿದಳು. "ಬಾಯಿ ಒಣಗ್ಸುದ್ರೆ ಬುಡ ಒಣಗ್ತದೇನಯ್ಯಾ?"

೩. ದನದಾಸ್ಪತ್ರೆ

ಅವಳು ಹೋದ ಮೇಲೆ ಬೇಯಿಸಿ ಹಾಕಲು ಬೂಕನಕೆರೆಯಿಂದ ನನ್ನ ತಂಗಿ ಬಂದಳು. ದಿನಾ ಒದ್ದೆ ಚಾಪೆ ನೋಡಿ ಹೇಳಿಬಿಟ್ಟಳು: "ಅಣ್ಣೋ, ಈ ನಾಯಿನ ತೊಣ್ಣೂರು ಕೆರೆ ತಾವ ಬುಟ್ಬುಟ್ ಬಾ. ಇಲ್ದಿದ್ರೆ ನಾನು ಊರ್ಗೋಯ್ತೀನಿ."

ಚಾಪೆಯ ಒದ್ದೆಯಲ್ಲಿ ಅರ್ಧ ನನ್ನದು ಅನ್ನಲು ನಾಚಿಕೆ. ಕೆಂಪಿ ನನ್ನವಳು ಸಾಕಿದ ನಾಯಿ, ಬಿಡಲೂ ಮನಸ್ಸಿಲ್ಲ. ದನದಾಸ್ಪತ್ರೆಗೆ ಕರೆದುಕೊಂಡು ಹೋದೆ. ತಂಗಿಯೂ ಬಂದಳು.

ಡಾಕ್ಟರು ತಲೆ ಎತ್ತದೆ ಬರೆಯುತ್ತಾ ಕೇಳಿದರು: "ಒಂದಕ್ಕೆ ಹೋಗುವಾಗ ನೋವಾ?"

"ಇಲ್ಲ ಸ್ವಾಮಿ."

"ಎದ್ದು ಆಚೆಗೆ ಹೋಗಲ್ವಾ?"

"ಬಾಗ್ಲು ತೆಗಿಯೋವಷ್ಟ್ರಲ್ಲಿ ಬಂದ್ಬುಡ್ತದೆ."

"ರಾತ್ರಿ?"

"ರಾತ್ರಿ ಪಂಚೆಯೆಲ್ಲ ಒದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಜಮಾನ್ರೇ, ನಾಯಿಗೆ ಪಂಚೆ ಉಡಿಸ್ತೀರಾ?"

ತಂಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ನನ್ನವಳು ಹೋದ ಮೇಲೆ ಅದೇ ಮೊದಲು.

ಡಾಕ್ಟರು ಕೆಂಪಿಯನ್ನು ಪರೀಕ್ಷೆ ಮಾಡಿ ಹೇಳಿದರು: "ಮರಿ ಆಗದ ಹಾಗೆ ಆಪರೇಶನ್ ಆದ ಹೆಣ್ಣು ನಾಯಿಗಳಿಗೆ ವಯಸ್ಸಾದಾಗ ಹೀಗಾಗೋದುಂಟು. ಬೇಕೂಂತ ಮಾಡಲ್ಲ. ಮಾತ್ರೆ ಕೊಡಿ. ಮಲಗೋ ಮುಂಚೆ ಆಚೆ ಬಿಡಿ. ನಿಮ್ಮದು ನನ್ನ ಕೈಲಾಗಲ್ಲ, ಮನುಷ್ಯರ ಡಾಕ್ಟರಿಗೆ ತೋರಿಸಿ. ವಯಸ್ಸಾಯ್ತು ಅಂತ ಸುಮ್ನಿರಬೇಡಿ."

ದಾರಿಯಲ್ಲಿ ತಂಗಿ ಅಂದಳು: "ನಾಯಿ ಒಂದೇ ಆಗಿದ್ರೆ ಅಟ್ಟಬೋದಿತ್ತು. ಇಬ್ರನ್ನೂ ಎಲ್ಲಿಗಣ್ಣಾ ಅಟ್ಲಿ? ಇರ್ಲಿ ಬುಡು."

ಮಾರನೇ ಬೆಳಗ್ಗೆ ಮುದ್ದೆಯೊಳಗೆ ಮಾತ್ರೆ ಇಟ್ಟು ಕೆಂಪಿಗೆ ನುಂಗಿಸಿದೆ. ಆಮೇಲೆ ಬಸ್ಸು ಹತ್ತಿ ಮನುಷ್ಯರ ಆಸ್ಪತ್ರೆಗೆ ಹೋಗಿ ಕೂತೆ. "ಏನು ತೊಂದರೆ?" ಅಂದರು ಡಾಕ್ಟರು.

"ನಮ್ ನಾಯಿಗೆ ಬಂದದಲ್ಲಾ ಸ್ವಾಮಿ, ಅದೇ" ಅಂದೆ.