ಹತ್ತೊಂಬತ್ತನೇ ದಿನದ ವಿಶ್ರಾಂತಿ

"ನಾನೂ ಹದಿನೆಂಟು ದಿನ ನಿಮ್ಮಷ್ಟೇ ಪೆಡಲ್ ತುಳಿದಿದ್ದೀನಿ. ರೆಸ್ಟು ನಿಮ್ಮ ಕಾಲಿಗೆ ಮಾತ್ರನಾ? ನನ್ನ ಕೈಗಿಲ್ವಾ?"

"ಎರಡು ಬನಿಯನ್ನು, ಒಂದು ಶರ್ಟು. ಅಷ್ಟಕ್ಕೆ ಇಷ್ಟು ಭಾಷಣ. ಮನೇಲಾಗಿದ್ರೆ ಒಗೀತಿರಲಿಲ್ವಾ ನೀನು?"

"ಮನೇಲಿ ಮೆಷಿನ್ ಒಗೆಯುತ್ತೆ. ನೀವು ಆ ಕಡೆ ಒಂದು ದಿನ ಬಂದಿದ್ರೆ ತಾನೇ ಗೊತ್ತಾಗೋದು."

ಬೆಳಗಿನ ಆರೂವರೆಗೆ ಲಾಡ್ಜಿನ ಮಹಡಿಯಲ್ಲಿ ಈ ಜಗಳ. ಗಂಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಫೋರ್‌ಮನ್. ವರ್ಷಗಟ್ಟಲೆ ಮೆಷಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಸೂಜಿ ನೋಡಿದರೆ ಕಿರುಚುವವರನ್ನು ದಿನಾ ಕಂಡವಳಿಗೆ ಗಂಡನ ಕೂಗು ಯಾವ ಲೆಕ್ಕ? ಇಬ್ಬರೂ ರಜೆ ಹಾಕಿ, ಸಾವಿರದ ಆರುನೂರು ಕಿಲೋಮೀಟರ್ ಸೈಕಲ್ ತುಳಿದು ಸಮುದ್ರ ನೋಡುತ್ತೇವೆಂದು ಹೊರಟಿದ್ದರು. ಹತ್ತೊಂಬತ್ತನೇ ದಿನ ಈ ಸಣ್ಣ ಊರಿನಲ್ಲಿ ವಿಶ್ರಾಂತಿ ಎಂದು ಅವಳೇ ಬರೆದಿಟ್ಟಿದ್ದಳು. ಫೋರ್‌ಮನ್ ಏನೋ ದೊಡ್ಡ ಮನಸ್ಸು ಮಾಡಿದವನಂತೆ ಒಪ್ಪಿದ್ದ. ಸೀಟಿನ ಮೇಲೆ ಕೂತು ಕೂತು ಅವನ ಹಿಂಭಾಗ ಬೆಂದ ಗೆಣಸಿನಂತಾಗಿತ್ತು ಎನ್ನುವುದನ್ನು ಮಾತ್ರ ಹೇಳಿರಲಿಲ್ಲ.

"ಹಾಗಾದ್ರೆ ರೆಸ್ಟೂ ಬೇಡ, ಗಿಸ್ಟೂ ಬೇಡ. ನಾನೊಬ್ಬನೇ ಹೋಗ್ತೀನಿ," ಎಂದ.

"ಹೋಗಿ. ಬಾಗಿಲು ಎಳ್ಕೊಂಡು ಹೋಗಿ, ಸೊಳ್ಳೆ ಬರುತ್ತೆ." ಅವಳು ಗೋಡೆಯ ಕಡೆ ತಿರುಗಿ ಹೊದಿಕೆ ಎಳೆದುಕೊಂಡಳು.

ಫೋರ್‌ಮನ್ ಬೆವರು ನಾರುವ ಬಟ್ಟೆಗಳನ್ನು ಚೀಲಕ್ಕೆ ತುರುಕಿದ. ಸೈಕಲ್ಲನ್ನು ಹೆಗಲಿಗೇರಿಸಿ ಒಂದೊಂದೇ ಮೆಟ್ಟಿಲು ಇಳಿದ. ಅರ್ಧದಲ್ಲಿ ನಿಂತು ಸರಿಯಾಗಿಯೇ ಇದ್ದ ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ. ಮೇಲಿಂದ ಯಾರೂ ಕರೆಯಲಿಲ್ಲ. ಕೆಳಗೆ ಲಾಡ್ಜಿನ ಒಡತಿ, ಅಕ್ಕ ಬರಲ್ವಾ ಎಂದು ಕೇಳಿದಳು. "ಬರ್ತಾಳೆ, ಬರದೆ ಏನ್ಮಾಡ್ತಾಳೆ," ಎಂದು ಗುಡುಗಿ ಹೊರಟ.

ನಿಜಕ್ಕೂ ಹೋಗುವ ಇರಾದೆ ಅವನಿಗಿರಲಿಲ್ಲ. ಸಮುದ್ರದ ಕಡೆ ಹೋಗುವುದು ಒಂದೇ ರಸ್ತೆ. ಊರು ಮುಗಿಯುವಲ್ಲಿ ಆ ರಸ್ತೆಯ ಪಕ್ಕದಲ್ಲೇ ಒಂದು ಟೀ ಅಂಗಡಿ. ಅಲ್ಲಿ ಕೂತಿದ್ದರೆ ಅರ್ಧ ಗಂಟೆಯೊಳಗೆ ಹೆಂಡತಿ ಮುಖ ಸಣ್ಣ ಮಾಡಿಕೊಂಡು ಹಿಂದೆಯೇ ಬರುತ್ತಾಳೆ. ಆಗ ತಾನು ಒಂದು ಮಾತೂ ಆಡದೆ ಬನಿಯನ್ನುಗಳನ್ನು ಅವಳ ಕೈಗಿಡಬೇಕು. ಇಷ್ಟೇ ಅವನ ಯೋಜನೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಯಾವ ಜಗಳದಲ್ಲೂ ಅವನು ಮೊದಲು ಸೋತು ಮಾತಾಡಿಸಿದವನಲ್ಲ. ಇವತ್ತೂ ಸೋಲುವವನಲ್ಲ.

ಅರ್ಧ ಗಂಟೆ ಆಯಿತು. ಒಂದು ಗಂಟೆ, ಎರಡು ಗಂಟೆ ಆಯಿತು. ಬೆಂಚಿನ ಹಲಗೆ ಸೈಕಲ್ಲಿನ ಸೀಟಿಗಿಂತ ಗಟ್ಟಿ. ಚೀಲದ ವಾಸನೆಗೆ ಪಕ್ಕದಲ್ಲಿ ಕೂತವರೆಲ್ಲ ಲೋಟ ಹಿಡಿದುಕೊಂಡು ಎದ್ದು ಆಚೆ ಹೋದರು. ಕೊನೆಗೆ ಉಳಿದವರು ಟೀ ಅಂಗಡಿಯವನು ಮತ್ತು ನೆಗಡಿಯಾಗಿ ಮೂಗು ಕಟ್ಟಿದ್ದ ಒಬ್ಬ ರಿಟೈರ್ಡ್ ಡ್ರಿಲ್ ಮೇಷ್ಟ್ರು.

ಒಂಬತ್ತೂವರೆಗೆ ಮೊಪೆಡ್ಡಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ ಹಾಕುವವನು ಬಂದ. ಬಂದವನು ಬ್ರೆಡ್ಡಿನ ಜೊತೆ ಸುದ್ದಿಯನ್ನೂ ಇಳಿಸಿದ.

"ಲಾಡ್ಜಿಗೆ ಒಬ್ಬರು ಸೈಕಲ್ ಅಕ್ಕ ಬಂದಿದ್ದಾರೆ ಮೇಷ್ಟ್ರೇ. ಅವರ ಗಂಡ ಯಾವನೋ ತಲೆ ಕೆಟ್ಟೋನಂತೆ, ಬನಿಯನ್ ಒಗೆಯಲಿಲ್ಲ ಅಂತ ಬೆಳಗ್ಗೇನೇ ಬಿಟ್ಟು ಹೋದನಂತೆ. ಆ ಯಮ್ಮ ನೋಡಿ, ಎರಡು ಮೊಟ್ಟೆ ತಿಂದು, ಬಿಸಿನೀರಲ್ಲಿ ಕಾಲಿಟ್ಕೊಂಡು ಕೂತಿದ್ದಾರೆ. ಮುಖದಲ್ಲಿ ಅದೇನು ಕಳೆ ಅಂತೀರಿ."

ಮೇಷ್ಟ್ರು ಅವನ ಕಾಲು ತುಳಿದರು. ಬ್ರೆಡ್ಡಿನವನು ತಿರುಗಿ, ಮೊದಲು ಚೀಲ ಕಟ್ಟಿದ ಸೈಕಲ್ ನೋಡಿದ, ಆಮೇಲೆ ಅದರ ಒಡೆಯನ ಮುಖ ನೋಡಿದ. ಬ್ರೆಡ್ ಎಣಿಸುವುದನ್ನೂ ಬಿಟ್ಟು ಮೊಪೆಡ್ ಹತ್ತಿದ.

ಅಲ್ಲಿಗೆ ಫೋರ್‌ಮನ್ನನ ಸಂಸಾರ ಟೀ ಅಂಗಡಿಯ ಸೊತ್ತಾಯಿತು. ಈಗಲೇ ವಾಪಸ್ ಹೋಗಿ, ಹೆಂಗಸರ ಕೋಪ ಹಾಲಿನ ಹಾಗೆ, ಬಿಟ್ಟಷ್ಟೂ ಉಕ್ಕುತ್ತೆ ಎಂದು ಟೀ ಅಂಗಡಿಯವನು ಹೇಳಿದ. ಸತ್ತರೂ ಹೋಗಕೂಡದು, ಒಂದು ಸಲ ತಲೆ ತಗ್ಗಿಸಿದರೆ ಸಾಯೋವರೆಗೂ ತಗ್ಗಿಸಿಯೇ ಇರಬೇಕು ಎಂದು ಮೇಷ್ಟ್ರು ಹೇಳಿದರು. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವುದು ಯಾರು ಅಂತ ಊರಿಗೇ ಗೊತ್ತು ಎಂದು ಟೀಯವನು ಅವರನ್ನು ಚುಚ್ಚಿದ. ಇಬ್ಬರೂ ಕೈ ಕೈ ಮಿಲಾಯಿಸುವವರೆಗೆ ಹೋದರು. ಬಾಯಿ ಮುಚ್ಚಿಕೊಂಡಿರಿ ಎಂದು ಫೋರ್‌ಮನ್ ಇಬ್ಬರ ಮೇಲೂ ಹರಿಹಾಯ್ದ.

"ನನ್ನ ಬೆಂಚು ಸವೆಸ್ತಾ ಕೂತು ನನಗೇ ಬಾಯಿ ಮುಚ್ಚು ಅಂತೀರಾ? ಬೆಳಗ್ಗಿಂದ ಕುಡಿದಿರೋದು ಎರಡು ಟೀ. ನಿಮ್ಮ ಚೀಲದ ನಾತಕ್ಕೆ ಓಡಿಹೋದವರು ಇಪ್ಪತ್ತು ಜನ," ಎಂದು ಟೀಯವನು ಸೌಟು ಕುಟ್ಟಿದ.

ಈ ಗದ್ದಲದಲ್ಲಿ ಮೇಷ್ಟ್ರು, ಗೇರಿನ ಸೈಕಲ್ ನಾನು ನೋಡದ್ದೇ ಎಂದು ಹೋಗಿ ಅದರ ಲಿವರ್ ತಿರುವಿ ಪೆಡಲನ್ನು ಹಿಂದಕ್ಕೆ ಸುತ್ತಿದರು. ಚೈನು ಕಳಚಿ ಚಕ್ರದ ಸಂದಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಷ್ಟರಲ್ಲಿ ಫೋರ್‌ಮನ್ನನ ಎರಡೂ ಕೈ ಮೊಣಕೈವರೆಗೆ ಕಪ್ಪಾದವು. ಸಿಟ್ಟಿನಲ್ಲಿ ಹಣೆ ಒರೆಸಿಕೊಂಡಿದ್ದರಿಂದ ಮುಖವೂ ಕಪ್ಪಾಯಿತು. ಬಿಸಿಲು ತಿರುಗಿ ಬೆಂಚಿನ ಮೇಲೆ ಬಂತು. ಜೇಬಿನ ಫೋನು ತೆಗೆದು ನೋಡಿದ. ಅದು ಕಲ್ಲಿನ ಹಾಗೆ ಸುಮ್ಮನಿತ್ತು. ಮೊದಲು ಫೋನ್ ಮಾಡಿದವರು ಸೋತಂತೆ. ಮತ್ತೆ ಜೇಬಿಗಿಟ್ಟ.

ಮೂರು ಗಂಟೆಗೆ ಅವನ ಕೋಪದೊಳಗೆ ಸಣ್ಣದೊಂದು ಭಯ ಹುಟ್ಟಿತು. ಇವಳೇನು ಬರುವುದೇ ಇಲ್ಲವೋ? ವಾಪಸ್ ಹೋಗುವುದು ಬೇಡ, ಸುಮ್ಮನೆ ಇಣುಕಿ ನೋಡಿ ಬಂದರಾಯಿತು. ಅದನ್ನು ಸೋಲು ಅನ್ನುವುದಕ್ಕಾಗುವುದಿಲ್ಲ. ಟೈರಿಗೆ ಗಾಳಿ ಹಾಕಿಸಿಕೊಂಡು ಬರುತ್ತೇನೆ ಎಂದು ಎದ್ದ. ಮೇಷ್ಟ್ರು ಸೈಕಲ್ಲಿಗೇ ಕಟ್ಟಿದ್ದ ಪಂಪನ್ನು ನೋಡಿದರು. ದೊಡ್ಡ ಮನುಷ್ಯರು, ಮೂಗು ಒರೆಸಿಕೊಂಡು ಆ ಕಡೆ ತಿರುಗಿದರು.

ದೊಡ್ಡ ಬೀದಿಯಲ್ಲಿ ಹೋದರೆ ನೋಡಿದವರು ನಗುತ್ತಾರೆಂದು ಗೋಡೌನುಗಳ ಹಿಂದಿನ ಸಂದಿಗೆ ನುಗ್ಗಿದ. ಸೈಕಲ್ ಹೊತ್ತು ಎರಡು ಚರಂಡಿ ದಾಟಿದ. ಒಂದರಲ್ಲಿ ಬಲಗಾಲು ಇಳಿಯಿತು. ಒಂದು ನಾಯಿ ಅವನನ್ನು ಲಾಡ್ಜಿನ ಹಿತ್ತಿಲ ಬಾಗಿಲವರೆಗೂ ಬೈಯುತ್ತಲೇ ಬಂತು.

ರೂಮಿನ ಬಾಗಿಲು ತೆರೆದಿತ್ತು. ಮಂಚ ಖಾಲಿ. ಲಾಡ್ಜಿನ ಒಡತಿ ಹಾಸಿಗೆ ಕೊಡವುತ್ತಿದ್ದಳು. ಕಪ್ಪು ಮುಖದ ಆಸಾಮಿಯನ್ನು ಕಂಡು ಮೊದಲು ಪೊರಕೆ ಎತ್ತಿದಳು. ಗುರುತು ಸಿಕ್ಕಿದ ಮೇಲೆ ಇಳಿಸುವ ಮನಸ್ಸಾಗದೆ ಹಾಗೇ ಹಿಡಿದುಕೊಂಡು ನಿಂತಳು.

"ಅಕ್ಕ ಹೋಗಿ ಕಾಲು ಗಂಟೆ ಆಯ್ತು. ಚೆನ್ನಾಗಿ ನಿದ್ದೆ ಮಾಡಿ ಎದ್ದರು. ಎದ್ದೋರೇ, ಆ ಮನುಷ್ಯ ಸಮುದ್ರ ನಾನೊಬ್ಬನೇ ನೋಡ್ದೆ ಅಂತ ಊರೆಲ್ಲ ಸಾರ್ಕೊಂಡು ಬರ್ತಾನೆ, ಬಿಡಲ್ಲ ನಾನು, ಹಿಡಿದೇ ಹಿಡೀತೀನಿ ಅಂತ ಸೈಕಲ್ ಹತ್ತಿದ್ರು."

ಫೋರ್‌ಮನ್ನನ ಎದೆ ಅಗಲವಾಯಿತು. ಬಂದಳಲ್ಲ. ಅವಳೇ ಮೊದಲು ಹೊರಟಳಲ್ಲ. ಈಗ ದೊಡ್ಡ ಬೀದಿಯಲ್ಲೇ, ಕುಸ್ತಿ ಗೆದ್ದ ಪೈಲ್ವಾನನ ಹಾಗೆ ಬೆಲ್ ಬಾರಿಸುತ್ತಾ ಬಂದ. ಟೀ ಅಂಗಡಿಯ ಬೆಂಚಿನ ಮೇಲೆ ಹೆಂಡತಿ ತಲೆ ತಗ್ಗಿಸಿ ಕೂತಿರುವುದು ಅವನ ಕಣ್ಣಿಗೆ ಕಟ್ಟಿತ್ತು.

ಬೆಂಚು ಖಾಲಿ ಇತ್ತು. ಟೀಯವನೂ ಮೇಷ್ಟ್ರೂ ಬೆಳಗ್ಗಿನಿಂದ ಇದೇ ಮೊದಲ ಸಲ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು.

"ನಿಮ್ಮ ಮರ್ಯಾದೆ ಉಳಿಸಿದ್ವಿ ಸಾರ್," ಎಂದ ಟೀಯವನು. "ಅಕ್ಕ ಇಲ್ಲಿ ನಿಲ್ಲಿಸಿ ಕೇಳಿದ್ರು. ಎಂಟು ಗಂಟೆ ಹೊತ್ತು ಇಲ್ಲೇ ಕಾಯ್ತಾ ಕೂತಿದ್ರು ಅನ್ನೋಕಾಗುತ್ತಾ? ಬೆಳಗ್ಗೆ ಏಳಕ್ಕೇ ದಾಟಿ ಹೋದ್ರು, ತಿರುಗಿ ಕೂಡ ನೋಡ್ಲಿಲ್ಲ ಅಂದ್ವಿ."

"ಇಷ್ಟೊತ್ತಿಗೆ ನೂರು ಕಿಲೋಮೀಟರ್ ಆಗಿರುತ್ತೆ ಅಂದೆ ನಾನು," ಎಂದು ಮೇಷ್ಟ್ರು ಸೇರಿಸಿದರು. "ಆಯಮ್ಮ ನೀರು ಸಹ ಕುಡೀಲಿಲ್ಲ. ಆ ತುಳಿತ ನೀವು ನೋಡ್ಬೇಕಿತ್ತು."

ಫೋರ್‌ಮನ್ ಇಬ್ಬರನ್ನೂ ನೋಡಿದ. ಯಾರನ್ನು ಮೊದಲು ಹೊಡೆಯುವುದೆಂದು ತೀರ್ಮಾನವಾಗದೆ ಫೋನ್ ತೆಗೆದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಜಗಳದ ನಡುವೆ ಅವನೇ ಹೆಂಡತಿಯ ನಂಬರ್ ಒತ್ತಿದ.

"ಗೆದ್ದೆ ಅಂತ ಹೇಳೋಕೆ ಮಾಡಿದ್ರಾ?" ಅವಳ ದನಿಯ ಹಿಂದೆ ಗಾಳಿ ಬೀಸುತ್ತಿತ್ತು.

"ಏ, ಕೇಳಿಲ್ಲಿ. ನಿಲ್ಲು. ನಾನು ನಿನ್ನ ಹಿಂದೆ ಇದ್ದೀನಿ."

"ಹೌದೌದು. ನಾನು ನಿಂತ್ರೆ ನೀವು ಇನ್ನೂ ಮುಂದೆ ಹೋಗಬಹುದು ಅಂತ ತಾನೇ? ಟೀ ಅಂಗಡೀಲಿ ಎಲ್ಲ ಹೇಳಿದ್ರು. ನಿಮ್ಮನ್ನ ದಾಟೋವರೆಗೂ ನಾನು ಕಾಲು ಕೆಳಗಿಡಲ್ಲ. ಆಮೇಲೆ ಮಾತಾಡೋಣ."

ಫೋನ್ ಕಟ್ಟಾಯಿತು. ಮತ್ತೆ ಒತ್ತಿದ. ಸ್ವಿಚ್ ಆಫ್.

ಇಡೀ ದಿನ ಮಲಗಿ ಎದ್ದ ಕಾಲುಗಳು ಮುಂದೆ ಹೋಗುತ್ತಿದ್ದವು. ಇಡೀ ದಿನ ಹಲಗೆಯ ಮೇಲೆ ಕೂತ ಕಾಲುಗಳು ಇಲ್ಲಿ ಜೋಮು ಹಿಡಿದು ನಿಂತಿದ್ದವು. ಟೀಯವನಿಗೆ ಮೆಲ್ಲಗೆ ವಿಷಯ ಅರ್ಥವಾಗಿ, ಅವನು ಒಲೆಯ ಹಿಂದೆ ಸರಿದುಕೊಂಡ. ಮೇಷ್ಟ್ರು ಮಾತ್ರ ಧೈರ್ಯಗೆಡಲಿಲ್ಲ.

"ಜೋರಾಗಿ ತುಳೀರಿ ಸಾರ್. ಅವರು ನಿಮ್ಮನ್ನ ಹಿಡಿಯೋದ್ರೊಳಗೆ ನೀವು ಅವರನ್ನ ಹಿಡಿದುಬಿಡಿ."

ಫೋರ್‌ಮನ್ ಸೈಕಲ್ ಹತ್ತಿದ. ಸೀಟಿನ ಮೇಲೆ ಕೂರಲು ನೋಡಿ, ಆಗದೆ, ನಿಂತುಕೊಂಡೇ ತುಳಿಯುತ್ತಾ ಆ ಖಾಲಿ ರಸ್ತೆಗೆ ಇಳಿದ.